ಮಂಗಳ ಎರಡು ಸಲ ಹಾಡುವುದಿಲ್ಲ

ಧ್ವನಿಮುದ್ರಣ ಕಲಿಯುತ್ತಿರುವ ನನ್ನ ತಮ್ಮನ ಮಗಳು ಶ್ರುತಿ ಮೊನ್ನೆ ಮನೆಗೆ ಬಂದವಳು ಸೋಫಾದ ಮೇಲೆ ಕಾಲು ಮಡಚಿ ಕೂತು, "ದೊಡ್ಡಪ್ಪಾ, ಒಂದು ಆಲ್ಬಮ್ ಮೊದಲಿಂದ ಕೊನೀತನಕ ಒಂದೂ ತಪ್ಪಿಲ್ಲದಂಗ ಬರಬೇಕಂದ್ರ ಏನು ಮಾಡಬೇಕು?" ಎಂದು ಕೇಳಿದಳು. ನನ್ನ ಉತ್ತರವನ್ನು ಮುದ್ರಿಸಿಕೊಳ್ಳಲು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಿದ್ದಳು. ಜೀವನವಿಡೀ ಬೇರೆಯವರನ್ನು ಮೈಕಿನ ಮುಂದೆ ಕೂರಿಸಿ ಬೆವರಿಳಿಸಿದವನು ನಾನು. ಈಗ ನನ್ನ ಸರದಿ ಬಂದಿತ್ತು. "ಮೊದಲು ಕೆಳಗ ರುಬ್ಬೋ ಯಂತ್ರ ಬಂದ್ ಮಾಡಿಸಬೇಕು" ಎಂದೆ. ಅವಳು ನಕ್ಕಳು. ನಾನು ನಗಿಸಲಿಕ್ಕೆ ಹೇಳಿದ ಮಾತಲ್ಲ ಅದು.

ಈ ಕಸುಬಿಗೆ ಬರುವ ಈಗಿನ ಮಕ್ಕಳು ಗೋಡೆಗೆ ಸ್ಪಂಜು ಮೆತ್ತಿದ, ತಂಪು ಗಾಳಿಯ ಕೋಣೆಯಲ್ಲಿ ಕೆಲಸ ಕಲಿಯುತ್ತಾರೆ. ಬಹಳ ಒಳ್ಳೆಯದು. ನಾನು ಕಲಿತದ್ದು ಪುಣೆಯ ಕಾತ್ರಜದಲ್ಲಿ, ಸಾತಾರಾ ರಸ್ತೆಯ ಮಗ್ಗುಲಿನ ಒಂದು ಹೋಟೆಲ್ಲಿನ ಮಾಳಿಗೆಯ ಮೇಲೆ. ಕರ್ನಾಟಕದಿಂದ ರಾತ್ರಿ ಹೊರಟ ಬಸ್ಸುಗಳು ಬೆಳಗ್ಗೆ ಅದೇ ಹೋಟೆಲ್ಲಿನ ಮುಂದೆ ನಿಂತು ಜನರನ್ನು ಇಳಿಸುತ್ತಿದ್ದವು. ಮಾಲೀಕರು ಸಂಜೀವ ಶೆಟ್ಟರು, ಉಡುಪಿ ಕಡೆಯವರು. ನಾನು ವಿಜಾಪುರ ಕಡೆಯಿಂದ ಬಂದು ಅವರಲ್ಲಿ ಲೆಕ್ಕ ಬರೆಯಲು ಸೇರಿಕೊಂಡವನು. ಗಲ್ಲೆಯ ಪಕ್ಕದಲ್ಲಿ ಟೇಪ್ ರಿಕಾರ್ಡರ್ ಇಟ್ಟು ದಿನವಿಡೀ ಭಕ್ತಿಗೀತೆ ಹಾಕುವುದು ಶೆಟ್ಟರ ರೂಢಿ. ಒಂದು ದಿನ ಅವರಿಗೆ, "ಚಟ್ನಿ ನಮ್ಮದು, ಸಾಂಬಾರು ನಮ್ಮದು, ಹಾಡು ಮಾತ್ರ ಯಾಕೆ ಬೇರೆಯವರದ್ದು?" ಅನ್ನಿಸಿತು. ಅಷ್ಟಕ್ಕೇ ಒಂದು ಕ್ಯಾಸೆಟ್ ಕಂಪನಿ ಹುಟ್ಟಿತು. ಕೆಟ್ಟುಹೋದ ರೇಡಿಯೋವನ್ನು ನಾನು ಒಮ್ಮೆ ರಿಪೇರಿ ಮಾಡಿದ್ದೆನಾದ್ದರಿಂದ ರಿಕಾರ್ಡಿಸ್ಟ್ ಪದವಿ ನನಗೇ ಬಂತು. ಅದಾದ ಮೇಲೆ ನನಗೆ ಸಿಕ್ಕ ಬಡ್ತಿಗಳ ವಿಷಯ ಇಲ್ಲಿ ಬೇಡ. ಅವುಗಳಿಂದ ಯಾರೂ ಏನೂ ಕಲಿಯಲಾರರು.

ಸ್ಟುಡಿಯೋ ಅಂದರೆ ಅಕ್ಕಿ ಮೂಟೆ ಇಡುತ್ತಿದ್ದ ಕೋಣೆ. ಮೂಟೆಗಳನ್ನು ತೆಗೆಸಲು ಹೋದಾಗ ಶೆಟ್ಟರು, "ಇರ್ಲಿ ಮಾರಾಯ್ರೆ, ಅದು ಶಬ್ದ ಕುಡೀತದೆ" ಎಂದರು. ಜಾಗ ಉಳಿಸಲು ಹೇಳಿದ ಮಾತಾದರೂ ಅದು ನಿಜವೇ ಆಗಿತ್ತು. ಕೋಣೆಯ ನೇರ ಕೆಳಗೆ ಅಡುಗೆಮನೆ. ದೋಸೆ ಹಿಟ್ಟಿನ ಗ್ರೈಂಡರು ತಿರುಗಲು ಶುರುವಾದರೆ ನನ್ನ ಟೇಪಿನಲ್ಲಿ ಯಾವ ದೇವರ ಸ್ತುತಿಯೂ ಗಿರಣಿಯೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಒಗ್ಗರಣೆ ಹಾಕಿದರಂತೂ ಮೆಣಸಿನಕಾಯಿಯ ಘಾಟಿಗೆ ಗಾಯಕರು ಪಲ್ಲವಿಯ ನಡುವೆ ಕೆಮ್ಮುತ್ತಿದ್ದರು. ಒಂದು ಗಣೇಶನ ಕ್ಯಾಸೆಟ್ಟಿನಲ್ಲಿ ಕುಕ್ಕರಿನ ಸೀಟಿ ಸರಿಯಾಗಿ ತಾಳಕ್ಕೆ ಬಿದ್ದಿತ್ತು. ತೆಗೆಯೋಣವೆಂದರೆ ಶೆಟ್ಟರು ಒಪ್ಪಲಿಲ್ಲ. ಆ ಕ್ಯಾಸೆಟ್ ಕೇಳಿದವರಲ್ಲಿ ಇಬ್ಬರು ಮೂವರು, ಆ ಸೀಟಿ ಊದಿದವರು ಯಾರು ಎಂದು ಮೆಚ್ಚಿ ವಿಚಾರಿಸಿದರು.

ಇದು ಹಾಡಿನೊಳಗಿನ ತಪ್ಪಾಯಿತು. ಆಲ್ಬಮ್ಮಿನ ತಪ್ಪು ಅಂದರೆ ಬೇರೆ. ಅದನ್ನು ನಾನು ಕಲಿತದ್ದು ಒಂದು ಮರಾಠಿ ಅಭಂಗದ ಕ್ಯಾಸೆಟ್ಟಿನಿಂದ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಎಷ್ಟು ಹಿಡಿಯುತ್ತದೆಂದು ನಾನು ಅಂದಾಜಿನ ಮೇಲೆ ಹಾಡು ತುಂಬಿದ್ದೆ. ಒಂದು ಬೆಳಗ್ಗೆ ಬಿಳಿ ಟೋಪಿಯ ಅಜ್ಜ ಒಬ್ಬರು ಗಲ್ಲೆಯ ಮುಂದೆ ನಿಂತು, ಬಹಳ ದುಃಖದಿಂದ, "ಅಹೋ, ಮಾಝಾ ವಿಠ್ಠಲ ಅರ್ಧಾಚ ಆಹೇ" ಎಂದರು. ನನ್ನ ವಿಠ್ಠಲ ಅರ್ಧವೇ ಇದ್ದಾನೆ ಎಂದು ಅವರ ದೂರು. ಹಾಕಿ ನೋಡಿದರೆ, ಗಾಯಕ ಕೊನೆಯ ಸಾಲಿನಲ್ಲಿ ದೇವರ ಹೆಸರನ್ನು ಎತ್ತಿ "ವಿಠ್" ಅನ್ನುವಷ್ಟರಲ್ಲಿ ಟೇಪು ಮುಗಿದು ಗುಂಡಿ ಟಪ್ಪೆಂದು ಮೇಲೆ ಹಾರುತ್ತಿತ್ತು. ಶೆಟ್ಟರು ಸ್ವಲ್ಪವೂ ಅಳುಕದೆ, ಉಳಿದ ಅರ್ಧ ಇನ್ನೊಂದು ಮಗ್ಗುಲಲ್ಲಿ ಇದ್ದೀತು ಎಂದು ಅವರನ್ನು ಸಮಾಧಾನ ಮಾಡಿ, ಚಹಾ ಕುಡಿಸಿ ಕಳಿಸಿದರು. ಆಮೇಲೆ ನನ್ನನ್ನು ಕರೆದು, "ರಾಯರೆ, ಪಾತ್ರೆ ನೋಡಿ ಹಾಲು ಹೊಯ್ಯಬೇಕು" ಎಂದಷ್ಟೇ ಹೇಳಿದರು.

ಶೆಟ್ಟರಿಗೆ ಸ ಪ ಗೊತ್ತಿರಲಿಲ್ಲ. ಆದರೆ ಯಾವ ಹಾಡಿನ ನಂತರ ಯಾವುದು ಬರಬೇಕು ಎಂಬುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಇದುವರೆಗೆ ನೋಡಿಲ್ಲ. ಅವರ ಶಾಸ್ತ್ರವೆಲ್ಲ ಬಾಳೆ ಎಲೆಯದು. ಎಲೆಯ ತುದಿಗೆ ಮೊದಲು ಉಪ್ಪು, ಉಪ್ಪಿನಕಾಯಿ. ಅಂದರೆ ಮೊದಲ ಹಾಡು ಚಿಕ್ಕದಿರಬೇಕು, ನಾಲಿಗೆಗೆ ಚುರುಕು ಮುಟ್ಟಿಸಬೇಕು. ಅನ್ನ ಸಾರು ಬಂದ ಮೇಲೆ ಅವಸರ ಮಾಡಬಾರದು. ಪಾಯಸವನ್ನು ಮಧ್ಯಕ್ಕೇ ಬಡಿಸಬೇಕು, ಕೊನೆಗೆ ಇಟ್ಟರೆ ಜನ ಅದಕ್ಕಾಗಿ ಕಾಯುತ್ತ ಉಳಿದದ್ದನ್ನು ಬಿಡುತ್ತಾರೆ. ಕಡೆಯಲ್ಲಿ ಮಜ್ಜಿಗೆ, ಹೊಟ್ಟೆ ತಣ್ಣಗಾಗಬೇಕು. ಹೊಸ ಕ್ಯಾಸೆಟ್ ತಯಾರಾದರೆ ಅವರು ಹೋಟೆಲ್ಲಿನಲ್ಲಿ ಅದನ್ನು ಹಾಕಿ, ಗಲ್ಲೆಯ ಮೇಲೆ ಕೂತು, ಗಿರಾಕಿಗಳ ಮುಖವನ್ನೇ ನೋಡುತ್ತಿದ್ದರು. "ಹೊಗಳಿದ್ರೆ ನಂಬಬೇಡಿ. ಯಾರೂ ಬದಲಿಸಿ ಅನ್ನಲಿಲ್ಲ, ತಾಟು ಬಿಟ್ಟು ಏಳಲಿಲ್ಲ ಅಂದ್ರೆ ಮಾತ್ರ ಪಾಸು" ಎನ್ನುವುದು ಅವರ ತೀರ್ಪು.

ಈ ಪರೀಕ್ಷೆಗಳನ್ನೆಲ್ಲ ಪಾಸು ಮಾಡುವ ಕಲೆ ನನಗೆ ಒಲಿಯಿತು ಎಂದು ಬೀಗುತ್ತಿದ್ದ ಕಾಲಕ್ಕೆ ಗೋದಕ್ಕ ಬಂದರು.

ಗೋದಕ್ಕ ಚಿಂಚವಾಡದ ಒಂದು ಕಾರ್ಖಾನೆಯ ಕಾಲೊನಿಯ ಭಜನಾ ಮಂಡಳಿಯ ಮುಖ್ಯಸ್ಥೆ. ಬಾಗಲಕೋಟೆ, ಗದಗ, ಹುಬ್ಬಳ್ಳಿ ಕಡೆಯಿಂದ ಬಂದ ಕಾರ್ಮಿಕರ ಹೆಂಡಂದಿರು ಒಂಬತ್ತು ಜನ ಅದರಲ್ಲಿದ್ದರು. ಅವರು ಹಾಡುತ್ತಿದ್ದದ್ದು ಗೋದಕ್ಕನ ಅತ್ತೆ ಕಟ್ಟಿದ ಹಾಡುಗಳನ್ನು. ಅವು ಎಲ್ಲಿಯೂ ಅಚ್ಚಾಗಿರಲಿಲ್ಲ. ಎದೆಯುಬ್ಬಿಸಿ ಮಾತಾಡುವ ಗೋದಕ್ಕ ಅಂದು ಮಾತ್ರ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು.

"ಕಾರ್ಖಾನಿಯವರು ಕ್ವಾರ್ಟರ್ಸ್ ಖಾಲಿ ಮಾಡ್ರಿ ಅಂದಾರ್ರಿ. ಒಬ್ಬಾಕಿ ಗದಗಕ್ಕ, ಒಬ್ಬಾಕಿ ಬಾಗಲಕೋಟಿಗೆ, ಒಬ್ಬಾಕಿ ಸೊಲ್ಲಾಪುರಕ್ಕ ಹೊಂಟಾರ. ಇನ್ನ ಮ್ಯಾಲೆ ಒಂಬತ್ತು ಮಂದಿ ಒಂದ ಚಾಪಿ ಮ್ಯಾಲೆ ಕೂಡೂದು ಆಗಂಗಿಲ್ಲ. ಹಾಡರೆ ಒಂದ ಕಡೆ ಇರಲಿ ಅಂತ ಆಸಿ."

ಶೆಟ್ಟರು ಒಪ್ಪಿದರು. ಗೋದಕ್ಕ ಹೋದ ಮೇಲೆ ಅವರು ನನಗೆ, "ಆ ಹೆಂಗಸರು ಚದುರುವ ಮೊದಲು ಮುಗಿಸಿ ರಾಯರೆ. ಚದುರಿದ ಮೇಲೆ ನಾವು ಎಂತ ಮಾಡಿದ್ರೂ ಆಗುದಿಲ್ಲ" ಎಂದರು. ಒಂದೇ ದಿನದ ಕೆಲಸ ಎಂದು ನಾನು ಅಂದುಕೊಂಡೆ.

ಮೊದಲ ದಿನ ಎಲ್ಲವೂ ಸಾಂಗವಾಗಿ ನಡೆಯಿತು. ಚಾಪೆ ಹಾಸಿ ಕೂರಿಸಿದೆ, ಬಾಯಿಯ ಎತ್ತರಕ್ಕೆ ಸರಿಯಾಗಿ ಮೈಕು ಇಟ್ಟೆ. ಗಣಪತಿಯಿಂದ ಶುರುಮಾಡಿ ದೇವಿ, ಹನುಮಂತ ಎಲ್ಲರನ್ನೂ ಮುಟ್ಟಿ ಕೊನೆಗೆ ಮಂಗಳಕ್ಕೆ ಬಂದರು. ಮಂಗಳವೆಂದರೆ ಭಜನೆಯ ಕಡೆಯ ಹಾಡು, ಆರತಿ ಎತ್ತುವಾಗ ಹಾಡುವುದು. ಅದರ ಮೊದಲ ಅಕ್ಷರಕ್ಕೇ ಒಂಬತ್ತೂ ಜನ ದಡಕ್ಕನೆ ಎದ್ದು ನಿಂತರು. ಮೈಕುಗಳು ಅವರ ಮೊಣಕಾಲಿನ ಹತ್ತಿರ ಉಳಿದವು. ಟೇಪಿನಲ್ಲಿ ಸೀರೆಯ ಸರಪರ, ಕಾಲುಂಗುರದ ಸದ್ದು ಚೆನ್ನಾಗಿ ಬಂತು, ಹಾಡು ಪಕ್ಕದ ಮನೆಯಿಂದ ಬಂದಂತಿತ್ತು.

ಇದೊಂದು ಹಾಡನ್ನು ಕೂತು ಇನ್ನೊಮ್ಮೆ ಹಾಡಿ ಎಂದೆ. ಗೋದಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಣಮಂತರಾಯ್ರ, ಮಂಗಳಾರತಿ ಕುಂತು ಹಾಡೂದು ಎಲ್ಲೆ ಕಂಡೀರಿ?"

"ಹಂಗಾರ ನಿಂತ ಹಾಡ್ರಿ. ಮೈಕ್ ಏರಸ್ತೀನಿ."

"ಮಂಗಳ ಆತಲ್ರಿ. ಎರಡು ಸಲ ಹಾಡೂದಿಲ್ಲ. ಮಲಗಿದ ದೇವರನ್ನ ಎಬ್ಬಿಸಿ ಮತ್ತ ಮಲಗಿಸಿದಂಗಾಕ್ಕದ."

"ಮುಂದಿನ ವಾರ ಬಂದು ಮಂಗಳ ಒಂದ ಹಾಡಿ ಹೋಗ್ರಿ."

"ಭಜನಿ ಇಲ್ಲದ ಮಂಗಳ ಅಂದ್ರ ಲಗ್ನ ಇಲ್ಲದ ಬೀಗರೂಟ ಅಲ್ಲೇನ್ರಿ? ಹಾಡಿದ್ರ ಗಣಪತಿಯಿಂದ ಹಾಡಬೇಕು."

ಅಂದರೆ ಮಂಗಳ ಕೆಟ್ಟರೆ ಇಡೀ ಆಲ್ಬಮ್ಮನ್ನು ಮತ್ತೆ ಮೊದಲಿನಿಂದ ಹಾಡಿಸಬೇಕು. ತುಂಡು ತುಂಡು ಮುದ್ರಿಸಿ ಕೂಡಿಸುವ ನನ್ನ ಜಾಣತನ ಅಲ್ಲಿ ನಡೆಯುವಂತಿರಲಿಲ್ಲ. ಅಷ್ಟರಲ್ಲಿ ಮಂಡಳಿಯ ಶಕ್ಕಕ್ಕ ಮೂಲೆಯಿಂದ, "ಯಾರೂ ಹಂಗ ಹೋಗಬ್ಯಾಡ್ರಿ, ಪ್ರಸಾದ ತಗೊಂಡು ಹೋಗ್ರಿ" ಎಂದು ಕರೆಯುತ್ತ ನನ್ನ ಅಂಗೈಗೆ ಶಿರಾ ಹಾಕಿದರು. ಶಕ್ಕಕ್ಕ ಹಾಡುತ್ತಿರಲಿಲ್ಲ. ಅವರ ದನಿಯ ಶ್ರುತಿ ಯಾವ ಊರಿನದೆಂದು ಮಂಡಳಿಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಚಾಪೆಯ ತುದಿಯಲ್ಲಿ ಬಾಯಿ ಮುಚ್ಚಿ ಕೂತು, ಕಡೆಯಲ್ಲಿ ಪ್ರಸಾದ ಹಂಚುವುದು ಅವರ ಕೆಲಸ. ಶಿರಾ ಮಾತ್ರ ಅಪ್ಪಟ ಶ್ರುತಿಯಲ್ಲಿತ್ತು. ದೇವರಿಗೆ ಮುಟ್ಟಿತು, ಟೇಪಿಗೆ ಮುಟ್ಟಲಿಲ್ಲ ಎಂದುಕೊಂಡು ತಿಂದೆ.

ಮುಂದಿನ ವಾರ ಮಂಗಳಕ್ಕೆಂದು ಎತ್ತರದ ಮೈಕುಗಳನ್ನು ಬೇರೆಯಾಗಿಯೇ ನಿಲ್ಲಿಸಿದೆ. ಅಡುಗೆಯ ನಾರಾಯಣನಿಗೆ, ಭಜನೆ ಮುಗಿಯುವವರೆಗೆ ಗ್ರೈಂಡರು ಮುಟ್ಟಬಾರದೆಂದು ಶೆಟ್ಟರೇ ಕಟ್ಟಪ್ಪಣೆ ಮಾಡಿದರು. ನಾರಾಯಣ ಧರ್ಮಿಷ್ಠ. ಮೆಟ್ಟಿಲಿಗೆ ಕಿವಿಗೊಟ್ಟು ಕಾಯುತ್ತಿದ್ದ. ಮಂಗಳದ ಮೊದಲ ಸಾಲು ಕೇಳಿದ್ದೇ ತಡ, ಊರಲ್ಲೆಲ್ಲ ಮಾಡುವಂತೆ ಎದ್ದು ನಿಂತು ಕೈಮುಗಿದು, ಭಜನೆ ಮುಗಿಯಿತೆಂದು ಗ್ರೈಂಡರು ಹಾಕಿದ. ಅವನನ್ನು ಬೈಯಲು ಶೆಟ್ಟರಿಗೂ ಬಾಯಿ ಬರಲಿಲ್ಲ. ಮಂಗಳ ಶುರುವಾದರೆ ಚಪ್ಪಲಿ ಹುಡುಕಲು ಹೊರಡುವವರು ನಾವೆಲ್ಲರೂ.

ಮೂರನೆಯ ಸಲಕ್ಕೆ ಗ್ರೈಂಡರಿನ ವೈರನ್ನೇ ಶೆಟ್ಟರು ಕಿತ್ತು ಗಲ್ಲೆಯಲ್ಲಿ ಇಟ್ಟುಕೊಂಡರು. ಆ ದಿನ ಮಂಗಳ ನಿಜಕ್ಕೂ ಸೊಗಸಾಗಿ ಬಂತು. ಅದನ್ನು ಕೇಳಿ ಕೆಳಗಿನ ಮಾಣಿಗಳು ಒಬ್ಬೊಬ್ಬರಾಗಿ ಆರತಿ ತೆಗೆದುಕೊಳ್ಳಲು ಮೇಲೆ ಬಂದರು. ಅವರ ಹಿಂದೆ ಗಿರಾಕಿಗಳು. ಅವರ ಹಿಂದೆ, ಬಸ್ಸು ನಿಲ್ಲಿಸಿ ಚಹಾ ಕುಡಿಯುತ್ತಿದ್ದ ಡ್ರೈವರು. ಎಲ್ಲರಿಗೂ ಆರತಿ ಮುಟ್ಟುವವರೆಗೆ ಮಂಗಳ ನಿಲ್ಲಿಸುವಂತಿಲ್ಲ. ಗೋದಕ್ಕ ಜನ ಬಂದಂತೆ ಚರಣಗಳನ್ನು ಕೂಡಿಸುತ್ತ ಹೋದರು. ನನ್ನ ಯಂತ್ರದಲ್ಲಿ ಟೇಪಿನ ಸುರುಳಿ ತೆಳ್ಳಗಾಗುತ್ತ ಬಂದು, ಡ್ರೈವರು ಕಣ್ಣಿಗೆ ಆರತಿ ಒತ್ತಿಕೊಳ್ಳುವ ಹೊತ್ತಿಗೆ ಮುಗಿದು ಪಟಪಟ ಹೊಡೆದುಕೊಳ್ಳತೊಡಗಿತು. ಅರ್ಧ ವಿಠ್ಠಲನ ಅಜ್ಜ ನನಗೆ ನೆನಪಾದರು.

ಇಲ್ಲಿಯವರೆಗೆ ನಗುತ್ತಿದ್ದೆವು. ಅಂದು ಹೊರಡುವಾಗ ಗೋದಕ್ಕ ನಗಲಿಲ್ಲ. ಗದಗಿನವರ ಲಾರಿ ಮರುದಿನವೇ ಸಾಮಾನು ತುಂಬುವುದಿತ್ತು. ಶಕ್ಕಕ್ಕನದು ಅದೇ ವಾರ. "ನಮ್ಮ ನಶೀಬದಾಗ ಇಲ್ಲ ಬಿಡ್ರಿ" ಎಂದು ಗೋದಕ್ಕ ಮೆಟ್ಟಿಲಿಳಿದರು. ಉಳಿದವರನ್ನೇ ಕೂರಿಸಿ ಹಾಡಿಸೋಣವೇ ಎಂದು ಶೆಟ್ಟರನ್ನು ಕೇಳಿದೆ.

ಶೆಟ್ಟರು ಹೊರಗೆ ನಿಂತಿದ್ದ ಬಸ್ಸನ್ನು ನೋಡುತ್ತ, "ಇವು ಎಲ್ಲಿಂದ ಬರ್ತವೆ ರಾಯರೆ?" ಎಂದರು.

"ಬಾಗಲಕೋಟಿ, ಗದಗ, ಹುಬ್ಬಳ್ಳಿ."

"ಮತ್ತೆ ಎಂತ ಚಿಂತೆ? ನಮ್ಮ ಬಾಗಿಲಲ್ಲೇ ಇಳಿಸ್ತವಲ್ಲ."

ಎಲ್ಲರಿಗೂ ಕಾಗದ ಹಾಕಿ ಕರೆಸಿದೆವು. ಶ್ರಾವಣದ ಒಂದು ಬೆಳಗ್ಗೆ ಬೇರೆ ಬೇರೆ ಬಸ್ಸುಗಳಿಂದ ಮಂಡಳಿಯ ಹೆಂಗಸರು ಇಳಿದರು, ಕೆದರಿದ ತಲೆಯಲ್ಲಿ, ಕೈಯಲ್ಲಿ ಚೀಲ ಹಿಡಿದು. ಅಕ್ಕಪಕ್ಕದ ಮನೆಯಲ್ಲಿದ್ದಾಗ ನೀರಿನ ಸರದಿಗಾಗಿ ಜಗಳವಾಡಿದವರು ರಸ್ತೆಯ ನಡುವೆ ತಬ್ಬಿಕೊಂಡು ಅತ್ತರು. ಶೆಟ್ಟರು ಇಡ್ಲಿ ಹಬೆಯಾಡಿಸಿ ಕಾದಿದ್ದರು. ಮಂಗಳವಾಗುವವರೆಗೆ ಹೊಟ್ಟೆಗೆ ಏನೂ ಹಾಕುವುದಿಲ್ಲವೆಂದು ಒಂಬತ್ತೂ ಜನ ಹೇಳಿದಾಗ ಶೆಟ್ಟರ ಮುಖ ಬಾಡಿತು. ಆಮೇಲೆ ಅವರು ಅಂಗಡಿಯ ಬಾಗಿಲು ಅರ್ಧ ಎಳೆದು, ಯಾರನ್ನೂ ಮೇಲೆ ಹತ್ತಲು ಬಿಡದಂತೆ ತಾವೇ ಮೆಟ್ಟಿಲಿಗೆ ಅಡ್ಡ ಕೂತರು. ಗ್ರೈಂಡರಿನ ವೈರು ಕೊರಳಲ್ಲಿತ್ತು.

ಗಣಪತಿಯಿಂದ ಶುರುವಾಯಿತು. ಅಷ್ಟು ಸಲ ಹಾಡಿದ್ದರಿಂದಲೋ, ಹಸಿವಿನಿಂದಲೋ, ಇನ್ನು ಕೂಡುವುದಿಲ್ಲ ಎಂದು ಗೊತ್ತಿದ್ದುದರಿಂದಲೋ, ಒಂದು ಹಾಡು ಇನ್ನೊಂದರ ಕೈಹಿಡಿದು ನಡೆಯಿತು. ಶೆಟ್ಟರ ಬಾಳೆ ಎಲೆಯ ಶಾಸ್ತ್ರವನ್ನು ಇವರು ಕೇಳಿರಲಿಲ್ಲ, ಆದರೂ ಉಪ್ಪು ಉಪ್ಪಿನ ಜಾಗದಲ್ಲಿ, ಪಾಯಸ ಪಾಯಸದ ಜಾಗದಲ್ಲಿ ಬಂತು. ಮಂಗಳಕ್ಕೆ ಎದ್ದು ನಿಂತರು. ಎತ್ತರದ ಮೈಕುಗಳು ಕಾದಿದ್ದವು. ಹೊಸ ಟೇಪಿನ ಸುರುಳಿ ದಪ್ಪಗಿತ್ತು. ಕೆಳಗೆ ಸದ್ದಿಲ್ಲ. ಕೊನೆಯ ಸಾಲು ಮುಗಿದು ಆರತಿಯ ಗಂಟೆ ನಿಂತಿತು.

ಗಂಟೆ ನಿಂತ ಕೂಡಲೇ ಟೇಪು ನಿಲ್ಲಿಸಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಾದ ತಾನಾಗಿ ಅಡಗುವವರೆಗೆ ಕಾಯಬೇಕು. ನಾನು ಉಸಿರು ಹಿಡಿದು, ಎಲ್ಲರಿಗೂ ಸುಮ್ಮನಿರುವಂತೆ ಕೈಸನ್ನೆ ಮಾಡಿ ಕಾಯುತ್ತಿದ್ದೆ. ಆ ಮೌನದ ನಟ್ಟನಡುವೆ, ಎತ್ತರದ ಮೈಕಿನ ಪಕ್ಕದಲ್ಲೇ, ಶಕ್ಕಕ್ಕನ ತುಂಬುಕಂಠ ಕೇಳಿತು. "ಯಾರೂ ಹಂಗ ಹೋಗಬ್ಯಾಡ್ರಿ. ಪ್ರಸಾದ ತಗೊಂಡು ಹೋಗ್ರಿ."

ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. ಶಕ್ಕಕ್ಕ ಆ ತಲೆಯ ಮೇಲಿನ ಕೈಯನ್ನು ಎಳೆದು ಅದಕ್ಕೇ ಶಿರಾ ಹಾಕಿದರು.

ಆ ಮಾತನ್ನು ಕತ್ತರಿಸುವುದು ನನಗೆ ಕಷ್ಟವಾಗಿರಲಿಲ್ಲ. ಬ್ಲೇಡು ತೆಗೆದೂ ಇದ್ದೆ. ಶೆಟ್ಟರು, "ಮೊದಲು ಕೆಳಗೆ ಹಾಕುವ" ಎಂದರು. ಮರುದಿನ ಹೋಟೆಲ್ಲಿನಲ್ಲಿ ಹಾಕಿದೆವು. ಯಾರೂ ಬದಲಿಸಿ ಅನ್ನಲಿಲ್ಲ. ಮಂಗಳಕ್ಕೆ ಕೆಲವರು ಅಭ್ಯಾಸಬಲದಿಂದ ಎಂಜಲು ಕೈಯಲ್ಲೇ ಎದ್ದು ನಿಂತರು. ಶಕ್ಕಕ್ಕನ ಕರೆ ಕೇಳಿದ ಮೇಲೆ ಕೈತೊಳೆದು ಸಾಲಾಗಿ ಗಲ್ಲೆಯ ಮುಂದೆ ಬಂದು ಅಂಗೈ ಚಾಚಿದರು. ಶೆಟ್ಟರು ಕಕ್ಕಾಬಿಕ್ಕಿಯಾಗಿ ನಾರಾಯಣನನ್ನು ಕರೆದು ಶಿರಾ ತರಿಸಿದರು. ಅಂದಿನಿಂದ ಗಲ್ಲೆಯ ಮೇಲೆ ಒಂದು ತಟ್ಟೆ ಶಿರಾ ಕಾಯಂ ಆಯಿತು.

"ಕತ್ತರಿಸಲೇನ್ರಿ?" ಎಂದು ಕೇಳಿದೆ.

"ಬೇಡ. 'ಹಾಗೇ ಹೋಗಬೇಡಿ' ಅಂತ ಹೇಳ್ಲಿಕ್ಕೇ ಅಲ್ವಾ ನಾನು ಈ ಹೋಟ್ಲು ಇಟ್ಟದ್ದು."

ಕ್ಯಾಸೆಟ್ಟಿನ ಕಾಲ ಮುಗಿಯಿತು. ಶೆಟ್ಟರು ಕಂಪನಿ ಮುಚ್ಚಿ ಆ ಕೋಣೆಗೆ ಅಕ್ಕಿ ಮೂಟೆಗಳನ್ನು ಪೂರ್ತಿ ವಾಪಸು ತುಂಬಿಸಿದರು. ನಾನು ವಿಮಾನ ನಗರದ ಒಂದು ಆಫೀಸಿಗೆ ಸೇರಿದೆ. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಹಾಕಿ ಸಿಡಿ ಮಾಡುವ ಕೆಲಸ. ಬ್ಲೇಡು, ಅಂಟುಪಟ್ಟಿ ಹೋಗಿ ಇಲಿಯಂಥ ಮೌಸು ಬಂತು. ಅದು ನನ್ನ ಕೈಯಲ್ಲಿ ಬಹಳ ದಿನ ಇಲಿಯಂತೆಯೇ ಓಡಿತು. ಕಲಿಸಿಕೊಟ್ಟವನು ಮೈಸೂರಿನ ಪ್ರಶಾಂತ, ತಾಳ್ಮೆಯ ಹುಡುಗ. ಮಂಡಳಿಯ ಟೇಪನ್ನು ನಾನು ಅವನಿಗೆ ಕೊಟ್ಟೆ. ಅವನು ಧೂಳಿನ ಚಿಟಪಟ ತೆಗೆದ, ಬೀದಿಯ ಹಾರ್ನಿನ ಸದ್ದು ತೆಗೆದ, ಪ್ರತಿ ಹಾಡನ್ನೂ ಬೇರೆ ಮಾಡಿದ.

"ಲಾಸ್ಟಲ್ಲಿ ಯಾರೋ ಮಾತಾಡ್ಬಿಟ್ಟಿದ್ರು ಸರ್, ಅದನ್ನೂ ಕ್ಲೀನ್ ಮಾಡ್ಬಿಟ್ಟಿದೀನಿ. ಈಗ ಸ್ಟಾರ್ಟಿಂದ ಎಂಡ್‌ವರೆಗೂ ಒಂದು ಮಿಸ್ಟೇಕ್ ಇಲ್ಲ" ಎಂದು ಅವನು ಹೇಳುವಷ್ಟರಲ್ಲಿ ಸಿಡಿಗಳು ಊರೂರಿಗೆ ಹೋಗಿಯಾಗಿತ್ತು.

ಪುಣೆಯಲ್ಲಿ ಉಳಿದಿದ್ದವರು ಗೋದಕ್ಕ ಒಬ್ಬರೇ. ಒಂದು ಮಧ್ಯಾಹ್ನ ಅವರು ಆಫೀಸಿಗೇ ಬಂದರು. ಗೇಟಿನವರು ಅವರ ಇಳಕಲ್ ಸೀರೆಗೆ 'ವಿಸಿಟರ್' ಎಂಬ ಚೀಟಿ ಅಂಟಿಸಿ ಕಳಿಸಿದ್ದರು. ಸಿಡಿಯನ್ನು ನನ್ನ ಮೇಜಿನ ಮೇಲಿಟ್ಟು ಕೂತರು.

"ಛಲೋ ಆಗೇದ್ರಿ. ಕನ್ನಡಿಯಂಗ ಸ್ವಚ್ಛ ಆಗೇದ. ಆದ್ರ ಶಕ್ಕಿ ಬಾಗಲಕೋಟಿಯಿಂದ ಫೋನ್ ಮಾಡಿದ್ಲು."

"ಏನಂದ್ರು?"

"ಮನಿ ಮಂದೀನ್ನೆಲ್ಲಾ ಕೂಡಿಸಿಕೊಂಡು ಕೇಳಿದ್ಲಂತ. ಈಗ ನಾ ಬರ್ತೀನಿ, ಈಗ ನಾ ಬರ್ತೀನಿ ಅಂತ ಮೊಮ್ಮಕ್ಕಳಿಗೆ ಹೇಳಿಕೋತ ಕುಂತಿದ್ಲಂತ. ಹಾಡಿನ ಪೆಟ್ಟಿಗಿ ಬಂದ್ ಆತು. ನಾ ಎಲ್ಲೆ ಇದ್ದೀನಿ ಗೋದಕ್ಕಾ ಅಂತ ಕೇಳಿದ್ಲು. ಏನು ಹೇಳ್ಲಿ?"

ಗೋದಕ್ಕ ಪ್ರಶಾಂತನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹಾಡಿದವರು ಎಂಟೂ ಮಂದಿ ಅದೇವಿ ತಮ್ಮಾ. ಒಬ್ಬಾಕಿ ಇಲ್ಲ. ನಮ್ಮಲ್ಲೆ ಪ್ರಸಾದ ತಗೊಳ್ರಿ ಅನ್ನೂಮಟ ಯಾರೂ ಹೋಗಂಗಿಲ್ಲ. ಮಂಗಳಕ್ಕ ಎದ್ದು ನಿಂತವರು ಹಂಗ ನಿಂತ ಬಿಟ್ಟೇವಿ."

ಪ್ರಶಾಂತ ಎರಡು ಸಲ ಸಾರಿ ಹೇಳಿ ಅಲ್ಲೇ ಕೂತು ಆ ಮಾತನ್ನು ಮತ್ತೆ ಜೋಡಿಸಿದ. ಗೋದಕ್ಕ ಕಿವಿಗೆ ಹೆಡ್‌ಫೋನು ಇಟ್ಟುಕೊಂಡು ಕೇಳಿದರು. ಶಕ್ಕಕ್ಕ ಕರೆದಾಗ ಅವರು ಕಣ್ಣೊರೆಸಿಕೊಂಡದ್ದನ್ನು ನಾವಿಬ್ಬರೂ ನೋಡದವರಂತೆ ಕಂಪ್ಯೂಟರಿನ ಕಡೆ ತಿರುಗಿದೆವು.

ಮೊನ್ನೆ ಶ್ರುತಿಗೆ ಇಷ್ಟೆಲ್ಲ ಹೇಳುವ ಬದಲು ಪ್ರಶಾಂತ ಸರಿಮಾಡಿಕೊಟ್ಟ ಆ ಸಿಡಿಯನ್ನೇ ಹಾಕಿದೆ. ಮೊದಲ ಹಾಡಿಗೆ ಅವಳ ಕೈಯಲ್ಲಿ ಫೋನಿತ್ತು. ಪಾಯಸದ ಹೊತ್ತಿಗೆ ಅದು ಸೋಫಾದ ಮೇಲೆ ಬೋರಲು ಬಿದ್ದಿತ್ತು. ಮಂಗಳ ಶುರುವಾದಾಗ ನನ್ನ ಹೆಂಡತಿ ಒಳಗಿನಿಂದ ಬಂದು ನಿಂತಳು, ನಾನು ಎದ್ದೆ, ನಮ್ಮನ್ನು ನೋಡಿ ಶ್ರುತಿಯೂ ಎದ್ದಳು. ಗಂಟೆ ನಿಂತಿತು. ಶಕ್ಕಕ್ಕ ಕರೆದರು. ಶ್ರುತಿ ಅಂಗೈ ಮುಂದೆ ಮಾಡಿ, "ಎಲ್ಲೆ ದೊಡ್ಡಪ್ಪಾ, ಪ್ರಸಾದ?" ಎಂದು ಕೇಳಿದಳು.

ನನಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಸಿಹಿ ಮಾಡುವುದೇ ಇಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಬೇಡ ಎನ್ನಲಿಲ್ಲ. ನಾನೇ ಅಡುಗೆಮನೆಗೆ ಹೋಗಿ ಕಪಾಟಿನ ಮೇಲಿನಿಂದ ಸಕ್ಕರೆ ಡಬ್ಬಿ ಇಳಿಸಿ, ಮೂವರ ಅಂಗೈಗೂ ಚಿಟಿಕೆ ಚಿಟಿಕೆ ಹಾಕಿದೆ. ಆಮೇಲೆ ಎಲ್ಲರೂ ಕೂತೆವು.